ಶುಕ್ರವಾರ ಹಿಡಿದರು, ಭಾನುವಾರ ಅರೆಸ್ಟ್ ಅಂತ ಬರೆದಿದ್ದಾರೆ. ಏನು ಮಾಡಬಹುದು?

ಮಂಡಿಪೇಟೆ:
ಚಿಕ್ಕಪ್ಪನ ಮಗ ಅಡಿಕೆ ಮಂಡಿಯಲ್ಲಿ ಹಮಾಲಿ. ಕಳವಿನ ಅನುಮಾನದ ಮೇಲೆ ಶುಕ್ರವಾರ ಸಂಜೆ ಠಾಣೆಗೆ ಕರೆದೊಯ್ದರು. "ಸುಮ್ನೆ ವಿಚಾರಣೆ, ಕಳಿಸ್ತೀವಿ" ಅಂದರು. ಕಳಿಸಲಿಲ್ಲ. ಅರೆಸ್ಟ್ ಮೆಮೊದಲ್ಲಿ ಮಾತ್ರ ಭಾನುವಾರ ಬೆಳಿಗ್ಗೆ ಅಂತಿದೆ. ಈಗ ಜೈಲಿನಲ್ಲಿದ್ದಾನೆ. ಅಂಗಾಲಿಗೆ ಹೊಡೆದಿದ್ದಾರೆ, ಪಾದ ಊರಲು ಆಗುತ್ತಿಲ್ಲ. ಜಡ್ಜ್ ಕೇಳಿದಾಗ ಏನೂ ಆಗಿಲ್ಲ ಅಂದನಂತೆ. ಹೊಡೆದವರೇ ಪಕ್ಕದಲ್ಲಿದ್ದರು! ತಪ್ಪು ಮಾಡಿದ್ದರೆ ಕೋರ್ಟ್ ಶಿಕ್ಷೆ ಕೊಡಲಿ. ಇವರು ಹೊಡೆಯುವುದು ಯಾವ ಕಾನೂನು? ಈಗ ಹೇಳಿದರೆ ನಂಬುತ್ತಾರಾ?

ತಾಲ್ಲೂಕು ವಕೀಲೆ:
ಈಗಲೂ ಹೇಳಬಹುದು, ಆದರೆ ತಡ ಮಾಡಬೇಡಿ. ಬಾವು ಇಳಿದರೆ ಸಾಕ್ಷಿ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಅಂತ ಅದೇ ಕೋರ್ಟಿಗೆ ನಾಳೆಯೇ ಅರ್ಜಿ ಹಾಕಿಸಿ. ಜೈಲಿಗೆ ಸೇರಿಸಿಕೊಂಡಾಗ ಗಾಯ ಬರೆದುಕೊಂಡಿದ್ದರೆ ಆ ದಾಖಲೆಯನ್ನೂ ತರಿಸಲು ಕೇಳಿ.

ಇನ್ನೊಂದು, ಸಿಸಿಟಿವಿ. ಪ್ರತಿ ಠಾಣೆಯ ಬಾಗಿಲು, ಲಾಕಪ್, ವರಾಂಡದಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಶುಕ್ರವಾರದ ದೃಶ್ಯ ಅಳಿಸದಂತೆ ಆದೇಶ ಕೇಳಿ. ಹಿಡಿದವರನ್ನು 24 ಗಂಟೆಯೊಳಗೆ ಜಡ್ಜ್ ಮುಂದೆ ಹಾಜರುಪಡಿಸಬೇಕು ಅನ್ನುತ್ತದೆ ಸಂವಿಧಾನದ 22ನೇ ವಿಧಿ. ಆ 24 ಗಂಟೆ ಶುರುವಾಗುವುದು ಹೊರಗೆ ಬಿಡದೆ ಕೂರಿಸಿಕೊಂಡ ಹೊತ್ತಿನಿಂದ. ಮೆಮೊದಲ್ಲಿ ಬರೆದ ಹೊತ್ತಿನಿಂದ ಅಲ್ಲ.

ಬಸ್‌ಸ್ಟ್ಯಾಂಡ್ ಬದಿ:
ಎರಡು ಬಿಗಿಯದಿದ್ದರೆ ಕಳ್ಳ ಬಾಯಿ ಬಿಡ್ತಾನಾ?

ತಾಲ್ಲೂಕು ವಕೀಲೆ:
ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಅವನ ವಿರುದ್ಧ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮತ್ತೆ ಹೊಡೆತ ಯಾಕೆ? 1987ರಲ್ಲಿ ಒಡಿಶಾದಲ್ಲಿ 22 ವರ್ಷದ ಸುಮನ್ ಬೆಹೆರಾನನ್ನು ಕಳವಿನ ಪ್ರಕರಣದಲ್ಲೇ ಹಿಡಿದಿದ್ದರು. ಮರುದಿನ ರೈಲು ಹಳಿ ಮೇಲೆ ಹೆಣ ಸಿಕ್ಕಿತು. ತಾಯಿ ನೀಲಾಬತಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದನ್ನೇ ಅರ್ಜಿ ಅಂತ ತೆಗೆದುಕೊಂಡ ಕೋರ್ಟ್, 1993ರಲ್ಲಿ ಸರ್ಕಾರದಿಂದ ಒಂದೂವರೆ ಲಕ್ಷ ಪರಿಹಾರ ಕೊಡಿಸಿತು. ಮಗ ಬರಲಿಲ್ಲ. ಈ ಹುಡುಗ ಇನ್ನೂ ಬದುಕಿದ್ದಾನೆ, ಅದಕ್ಕೇ ಅವಸರ ಮಾಡಿ ಅಂತಿದ್ದೇನೆ.

ಮಂಡಿಪೇಟೆ:
ವಕೀಲರಿಗೆ ಕೊಡಲು ದುಡ್ಡಿಲ್ಲ ಮೇಡಂ.

ತಾಲ್ಲೂಕು ವಕೀಲೆ:
ಬೇಕಿಲ್ಲ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮ ಕೋರ್ಟ್ ಆವರಣದಲ್ಲೇ ಇರುತ್ತದೆ, ಇಲ್ಲವೇ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮುಂದಿನ ಸಲ ಹಾಜರುಪಡಿಸಿದಾಗ ಪೊಲೀಸರನ್ನು ಹೊರಗೆ ಕಳಿಸಿ ಹುಡುಗನನ್ನು ಮಾತಾಡಿಸಿ ಅಂತ ವಕೀಲರೇ ಜಡ್ಜ್ ಬಳಿ ಕೇಳಲಿ.