ಬೇಸಿಗೆ ರಜೆಯಲ್ಲಿ ಸಂಶೋಧನೆಯೋ, ಕೋಡಿಂಗ್ ತರಗತಿಯೋ?

ನಾನು: ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಸಂಶೋಧನಾ ಫೆಲೋಶಿಪ್ ಪ್ರಕಟಣೆಯನ್ನು ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ್ದೇನೆ, ನೋಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುತ್ತವೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಬೇಕು, ಶಿಷ್ಯವೇತನವೂ ಉಂಟು. ತಂಗಿ ಎಲೆಕ್ಟ್ರಿಕಲ್ ಮೂರನೆಯ ವರ್ಷದಲ್ಲಿದ್ದಾಳೆ, ಅರ್ಜಿ ಹಾಕಲಿ.

ಕಾಕಾ (ಹುಬ್ಬಳ್ಳಿ): ಬೇಡ. ಏಳನೆಯ ಸೆಮಿಸ್ಟರ್ ಶುರುವಾದೊಡನೆ ಕೆಲಸಕ್ಕೆ ಆರಿಸಿಕೊಳ್ಳಲು ಕಂಪನಿಗಳು ಬರುತ್ತವೆ. ರಜೆಯಲ್ಲಿ ಕೋಡಿಂಗ್ ಕಲಿಯದಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ. ನಿಮ್ಮಪ್ಪ ಸಾಲ ಮಾಡಿ ಓದಿಸುತ್ತಿದ್ದಾನೆ, ನೆನಪಿರಲಿ.

ನಾನು: ಸಾಲದ ಚಿಂತೆ ನನಗೂ ಇದೆ ಕಾಕಾ. ಆದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಇವರು ಮಾಡುವುದೇನು? ಮ್ಯಾನ್ಯುಯಲ್ ನೋಡಿ ಸರ್ಕ್ಯೂಟ್ ಜೋಡಿಸುವುದು, ಹಿಂದಿನ ವರ್ಷದವರ ಜರ್ನಲ್‌ನಲ್ಲಿದ್ದ ಉತ್ತರವೇ ಬಂತೆಂದರೆ ಸಹಿ ಹಾಕಿಸಿಕೊಳ್ಳುವುದು. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೊಂದಿಗೆ ಒಮ್ಮೆಯೂ ಗುದ್ದಾಡದೆ ಎಂಜಿನಿಯರ್ ಆಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ದೊಡ್ಡಪ್ಪ (ಗದಗ): ನನ್ನ ಬೋರ್‌ವೆಲ್ ಮೋಟಾರ್ ಏಕೆ ಪದೇ ಪದೇ ಸುಡುತ್ತದೆ ಎಂದು ಹೇಳಬಲ್ಲಳೇ? ರಿವೈಂಡಿಂಗ್‌ಗೆ ದುಡ್ಡು ಸುರಿದು ಸಾಕಾಗಿದೆ.

ತಂಗಿ: ವೋಲ್ಟೇಜ್ ಎಷ್ಟು ಬರುತ್ತದೆ ದೊಡ್ಡಪ್ಪಾ?

ದೊಡ್ಡಪ್ಪ: ಸ್ಟಾರ್ಟರ್ ಪೆಟ್ಟಿಗೆಯ ಮೀಟರ್ 340 ತೋರಿಸುತ್ತದೆ. ಸುತ್ತಲಿನವರೆಲ್ಲ ಪಂಪ್ ಶುರುಮಾಡಿದರೆ ಇನ್ನೂ ಇಳಿಯುತ್ತದೆ.

ತಂಗಿ: ಇರಬೇಕಾದದ್ದು 415. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಕುಸಿಯುತ್ತದೆ. 340ರಲ್ಲಿ ಮೂರರಲ್ಲಿ ಎರಡು ಪಾಲಷ್ಟೇ ಉಳಿಯುತ್ತದೆ. ನೀರೆತ್ತುವ ಭಾರವೇನೂ ಕಡಿಮೆಯಾಗುವುದಿಲ್ಲವಲ್ಲ, ಹೆಚ್ಚು ಕರೆಂಟ್ ಎಳೆದು ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಬಿಸಿಯಾಗುತ್ತದೆ. ವಿದ್ಯುತ್ ಬರುವ ಮೂರು ಫೇಸ್ ತಂತಿಗಳಲ್ಲಿ ಒಂದು ಹೋದರಂತೂ ಉಳಿದೆರಡರಲ್ಲಿ ಕರೆಂಟ್ ಸುಮಾರು 1.7 ಪಟ್ಟಿಗೆ ಏರಬಹುದು.

ನಾನು: ಇಷ್ಟು ಪುಸ್ತಕದಲ್ಲಿದೆ. ದೊಡ್ಡಪ್ಪನ ಮೋಟಾರ್ ಸುಡುವುದು ವೋಲ್ಟೇಜ್ ಇಳಿದೋ, ಫೇಸ್ ಹೋಗಿಯೋ, ಪಂಪಿನಲ್ಲಿ ಮರಳು ಸಿಕ್ಕಿಯೋ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಮೂರೂ ಫೇಸ್‌ಗೆ ಸೆನ್ಸರ್ ಹಾಕಿ ಒಂದು ಹಂಗಾಮು ಪೂರ್ತಿ ದಾಖಲಿಸಿದರೆ ಗೊತ್ತಾದೀತು. ಸಂಶೋಧನೆ ಎಂದರೆ ಇದೇ. ಆ ಅಂಕಿಗಳನ್ನು ಜಾಲಾಡಲು ಪೈಥಾನ್ ಬರೆಯಲೇಬೇಕು ಕಾಕಾ, ಕೋಡಿಂಗ್ ಅಲ್ಲೇ ಬಂತು.

ಕಾಕಾ: ಕಂಪನಿಯವರು ಕೇಳುವುದು ಬೇರೆಯೇ. ಮೇಲಾಗಿ ಎರಡು ತಿಂಗಳು ಯಾವ ಊರೋ, ಎಲ್ಲಿ ಉಳಿಯಬೇಕೋ.

ನಾನು: ದೂರ ಬೇಡವೆಂದರೆ ಧಾರವಾಡದಲ್ಲೇ ಐಐಟಿ ಇದೆ. 2016ರಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ಆವರಣದಲ್ಲಿ ಆರಂಭವಾದದ್ದು, ಈಗ ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಕ್ಯಾಂಪಸ್ ಹೊಂದಿದೆ. ಅಲ್ಲಿನ ಒಬ್ಬ ಪ್ರಾಧ್ಯಾಪಕರ ಪ್ರಬಂಧ ಓದಲಿ, ಅರ್ಥವಾಗದ್ದನ್ನು ನೇರವಾಗಿ ಬರೆದು ಕೇಳಲಿ. ಒಂದೇ ಇಮೇಲ್ ಐವತ್ತು ಜನರಿಗೆ ಹೋದರೆ ಯಾರೂ ಓದುವುದಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್ ಆಯ್ಕೆಯಾದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯವನ್ನೂ ಕೊಡುತ್ತದೆ. ಸೆನ್ಸರ್ ಖರ್ಚು ಅಪ್ಪನ ಮೇಲೆ ಬೀಳಲೇಬೇಕೆಂದಿಲ್ಲ.

ತಂಗಿ: ಫೆಲೋಶಿಪ್‌ಗೆ ಶಿಕ್ಷಕರ ಶಿಫಾರಸು ಪತ್ರ ಬೇಕು. ಮೆಷಿನ್ಸ್ ಪಾಠ ಮಾಡುವ ಮೇಡಂ ಅವರನ್ನು ನಾಳೆ ಕೇಳುತ್ತೇನೆ. ದೊಡ್ಡಪ್ಪಾ, ಭಾನುವಾರ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತರಲೇ?

ದೊಡ್ಡಪ್ಪ: ಬಾ ತಾಯಿ. ತ್ರೀ ಫೇಸ್ ಕೊಡುವ ಹೊತ್ತು ವಾರಕ್ಕೊಮ್ಮೆ ಬದಲಾಗುತ್ತದೆ, ಶನಿವಾರ ಫೋನ್ ಮಾಡಿ ಹೇಳುತ್ತೇನೆ.

ಕಾಕಾ: ಹೋಗಿ ಬರಲಿ. ಕೋಡಿಂಗ್ ತರಗತಿಯ ಶುಲ್ಕವನ್ನು ಮಾತ್ರ ನಾನೇ ಕಟ್ಟುತ್ತೇನೆ, ಅದನ್ನು ಬಿಡುವಂತಿಲ್ಲ.