ಸ್ಕೂಲಿನವರು ಟುಸ್ಲಾಗೆ (ಇಲ್ಲಿನ ಮಕ್ಕಳ ರಕ್ಷಣೆಯ ಸರ್ಕಾರಿ ಸಂಸ್ಥೆಗೆ) ತಿಳಿಸಿದ್ದಾರೆ, ಏನು ಮಾಡಲಿ?

ಲೂಕನ್ ಅಮ್ಮ

ಎಲ್ಲರಿಗೂ ನಮಸ್ಕಾರ. ಡಬ್ಲಿನ್‌ಗೆ ಬಂದು ಎರಡು ವರ್ಷ ಆಯಿತು. ಗುಂಪಿನಲ್ಲಿ ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ದಯವಿಟ್ಟು ಬೈಯಬೇಡಿ, ನನ್ನನ್ನು ನಾನೇ ಬೈದುಕೊಂಡು ಸಾಕಾಗಿದೆ.

ಮಗನಿಗೆ ಏಳು ವರ್ಷ. ಹೋದ ಭಾನುವಾರ ಹೋಂವರ್ಕ್ ಬಿಟ್ಟು ಟ್ಯಾಬ್ ಹಿಡಿದು ಕೂತಿದ್ದ. ನಾನು ಪಾತ್ರೆ ತೊಳೆಯುತ್ತಿದ್ದೆ. ಮೂರು ಸಲ ಕರೆದೆ, ಅಲುಗಾಡಲಿಲ್ಲ. ಕೈಯಲ್ಲಿದ್ದ ಸೌಟಿನಿಂದಲೇ ತೋಳಿಗೆ ಒಂದು ಬಿಟ್ಟೆ. ಬಾಸುಂಡೆ ಎದ್ದಿತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿದೆ, ನಾನೂ ಅತ್ತೆ. ಮಂಗಳವಾರ ಪಿಇ ಕ್ಲಾಸಿಗೆ ಸ್ವೆಟರ್ ತೆಗೆದಾಗ ಟೀಚರ್ ನೋಡಿ ಕೇಳಿದ್ದಾರೆ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ಪ್ರಿನ್ಸಿಪಾಲ್ ನನ್ನನ್ನು ಕರೆಸಿ, ಟುಸ್ಲಾಗೆ ತಿಳಿಸುತ್ತೇವೆ, ನಿಮಗೆ ಗೊತ್ತಿರಲಿ ಅಂತ ಕರೆದೆವು ಅಂದರು. ಗಲಾಟೆ ಏನೂ ಮಾಡಲಿಲ್ಲ, ಒಂದು ಲೋಟ ನೀರನ್ನೂ ಕೊಟ್ಟರು. ಅದೇ ನನಗೆ ಜಾಸ್ತಿ ಹೆದರಿಕೆ ಆಯಿತು.

ಮುಂದಿನ ಬುಧವಾರ ಸೋಶಿಯಲ್ ವರ್ಕರ್ ಮನೆಗೆ ಬರುತ್ತಾರಂತೆ. ಮಗನ ಜೊತೆ ಸ್ವಲ್ಪ ಹೊತ್ತು ಬೇರೆಯಾಗಿ ಮಾತಾಡಬೇಕಂತೆ. ಅವನನ್ನು ಕರೆದುಕೊಂಡು ಹೋಗಿಬಿಡುತ್ತಾರಾ? ಇಲ್ಲಿರಲು ಕೊಟ್ಟಿರುವ ನಮ್ಮ ಸ್ಟಾಂಪ್ 4 ಪರವಾನಗಿಗೆ ತೊಂದರೆ ಆಗುತ್ತಾ? ಅವರು ಕೇಳಿದರೆ ಏನು ಹೇಳಬೇಕು ಅಂತ ಅವನಿಗೆ ಹೇಳಿಕೊಡಲಾ, ಬೇಡವಾ? ಯಜಮಾನರು ಮೂರು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ.

ಹುಬ್ಬಳ್ಳಿ ಹುಡುಗ

ಅಲ್ರೀ ಅಕ್ಕಾರ, ನಮ್ಮವ್ವನ ಸೌಟಿನ ಲೆಕ್ಕ ಇಟ್ಟಿದ್ದರೆ ಟುಸ್ಲಾದವರು ಹುಬ್ಬಳ್ಳಿಯಲ್ಲೇ ಒಂದು ಆಫೀಸ್ ತೆಗೆಯಬೇಕಿತ್ತು. ಧೈರ್ಯವಾಗಿರಿ.

ಹಳೇ ಡಬ್ಲಿನ್

2001ರಿಂದ ಇಲ್ಲಿದ್ದೇನೆ, ಇಂಥವು ಎಷ್ಟೋ ನೋಡಿದ್ದೇನೆ. ಮೊದಲು ಮಗನನ್ನು ಕೂರಿಸಿಕೊಂಡು ಒಂದು ಪಾಠ ಹೇಳಿಕೊಡಿ: ಮನೆಯ ಮಾತು ಹೊಸಿಲು ದಾಟಬಾರದು. ಬುಧವಾರ ಕೇಳಿದರೆ ಬಾಗಿಲಿಗೆ ತಾಗಿತು ಅನ್ನಲಿ. ಇದೇ ಗುಂಪಿನಲ್ಲಿ ಹತ್ತು ಸಲ ಹೇಳಿದ್ದೇನೆ, ಮಕ್ಕಳನ್ನು ಭಾನುವಾರದ ಕನ್ನಡ ತರಗತಿಗೆ ಕಳಿಸಿ ಅಂತ. ನಮ್ಮ ಭಾಷೆ, ನಮ್ಮ ರೀತಿ ಗೊತ್ತಿದ್ದರೆ ಇಂಥದ್ದು ಆಗುವುದೇ ಇಲ್ಲ. ನಾರ್ವೆಯಲ್ಲಿ ಏನಾಯಿತು ಮರೆತಿರಾ? ಕೈಯಲ್ಲಿ ಅನ್ನ ತಿನ್ನಿಸಿದರು ಅಂತ ಬಂಗಾಳಿ ದಂಪತಿಯ ಎರಡು ಮಕ್ಕಳನ್ನು ಎತ್ತಿಕೊಂಡು ಹೋದರು. ದೆಹಲಿಯವರೆಗೂ ಗಲಾಟೆ ಆಯಿತು.

ನರ್ಸಮ್ಮ

ಲೂಕನ್ ಅಮ್ಮ, ಮೊದಲು ಉಸಿರು ತಗೋ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿ ಮಕ್ಕಳ ವಾರ್ಡಿನಲ್ಲಿದ್ದೇನೆ. ಕಾನೂನಿನ ಪ್ರಕಾರ ನಾನೂ ತಿಳಿಸಲೇಬೇಕಾದವಳು. 2017ರ ಡಿಸೆಂಬರ್ 11ರಿಂದ ಟೀಚರ್, ಡಾಕ್ಟರ್, ನರ್ಸ್, ಕ್ರೆಷ್‌ನವರು, ಗಾರ್ಡಾ ಅಂದರೆ ಇಲ್ಲಿನ ಪೊಲೀಸರು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಟೀಚರ್ ಮೇಲೆ ಸಿಟ್ಟಾಗಬೇಡ, ಅವರು ಅವರ ಕೆಲಸ ಮಾಡಿದ್ದಾರೆ. "ನಾನು ಹೆತ್ತ ಮಗು, ಒಂದೇಟು ಹೊಡೆದರೆ ಏನೀಗ" ಅನ್ನುವ ವಾದ 2015ರ ಡಿಸೆಂಬರ್‌ವರೆಗೆ ಇಲ್ಲಿನ ಕೋರ್ಟಿನಲ್ಲೂ ನಡೆಯುತ್ತಿತ್ತು. ಅದನ್ನು ತೆಗೆದುಹಾಕಿದರು.

ಕರೆದುಕೊಂಡು ಹೋಗುತ್ತಾರಾ ಅಂತ ಕೇಳಿದೆಯಲ್ಲ. ಟುಸ್ಲಾಗೆ ತಾನಾಗಿಯೇ ಬಂದು ಮಗುವನ್ನು ಎತ್ತಿಕೊಂಡು ಹೋಗುವ ಅಧಿಕಾರ ಇಲ್ಲ. ಕೋರ್ಟಿನ ಆದೇಶ ಬೇಕು. ತಕ್ಷಣದ, ಗಂಭೀರ ಅಪಾಯ ಇದ್ದರೆ ಮಾತ್ರ 1991ರ ಚೈಲ್ಡ್ ಕೇರ್ ಆಕ್ಟ್‌ನ 12ನೇ ಸೆಕ್ಷನ್ ಪ್ರಕಾರ ಗಾರ್ಡಾ ಕರೆದುಕೊಂಡು ಹೋಗಬಹುದು. ಆಗಲೂ ಮೂರು ದಿನದೊಳಗೆ ವಿಷಯ ಜಡ್ಜ್ ಮುಂದೆ ಹೋಗಬೇಕು. ತುರ್ತು ಆದೇಶ ಕೊಟ್ಟರೂ ಎಂಟು ದಿನಕ್ಕಿಂತ ಹೆಚ್ಚು ನಡೆಯುವುದಿಲ್ಲ. ನಿನ್ನದು ಅಲ್ಲಿಗೆ ಹೋಗುವಂತೆ ನನಗೆ ಕಾಣುವುದಿಲ್ಲ. ಬರುತ್ತಾರೆ, ಮನೆ ನೋಡುತ್ತಾರೆ, ನಿನ್ನನ್ನು ಕೇಳುತ್ತಾರೆ, ಅವನನ್ನು ಕೇಳುತ್ತಾರೆ. ಮುಚ್ಚಿಡಬೇಡ. ಹೊಡೆದೆ, ತಪ್ಪಾಯಿತು ಅಂತ ನೇರವಾಗಿ ಹೇಳು. ಇಂಗ್ಲಿಷ್ ತೊಡರಿದರೆ ಇಂಟರ್‌ಪ್ರಿಟರ್ ಕೇಳು. ವೀಸಾ ವಿಷಯವನ್ನು ನಮ್ಮ ಗುಂಪಿನಲ್ಲಿ ಕೇಳಬೇಡ, ಸಾಲಿಸಿಟರ್ ಹತ್ತಿರ ಕೇಳು. ದುಡ್ಡಿನ ಕಷ್ಟ ಇದ್ದರೆ ಲೀಗಲ್ ಏಡ್ ಬೋರ್ಡ್ ಇದೆ.

ಮೆಹಲ್ ಅಂತ ಒಂದು ವ್ಯವಸ್ಥೆ ಇದೆ. ಒಪ್ಪಿಗೆ ಇದ್ದರೆ ಸ್ಕೂಲು, ಮನೆಯವರು, ಟುಸ್ಲಾ ಕೂತು ಏನು ಸಹಾಯ ಬೇಕು ಅಂತ ನೋಡುತ್ತಾರೆ. ಐರಿಷ್ ಭಾಷೆಯಲ್ಲಿ ಆ ಪದಕ್ಕೆ ಸುಗ್ಗಿಯಲ್ಲಿ ಅಕ್ಕಪಕ್ಕದವರು ಒಬ್ಬರ ಹೊಲಕ್ಕೊಬ್ಬರು ಹೋಗುವುದು ಅಂತ ಅರ್ಥ. ನಮ್ಮ ಮುಯ್ಯಾಳು. ನನಗೆ ಅದನ್ನು ಹೇಳಿದ್ದು ಒಬ್ಬ ಮುದುಕಿ ಪೇಷಂಟ್.

ಮಗನಿಗೆ ಏನೂ ಹೇಳಿಕೊಡಬೇಡ. ಇದೊಂದನ್ನು ಮಾತ್ರ ನೆನಪಿಟ್ಟುಕೋ.

ಹಳೇ ಡಬ್ಲಿನ್

ಸರ್ಕಾರಿ ಸಂಬಳ ತಗೊಳ್ಳುವವರು ಸರ್ಕಾರದ ಮಾತೇ ಆಡುತ್ತಾರೆ. ನಾರ್ವೆಗೆ ಉತ್ತರ ಕೊಡಿ.

ಓಸ್ಲೋದಿಂದ ಬಂದವನು

ನಾನು ಕೊಡುತ್ತೇನೆ ಸಾರ್, ಆರು ವರ್ಷ ಅಲ್ಲಿದ್ದೆ. ಆ ಮಕ್ಕಳನ್ನು 2012ರಲ್ಲಿ ಚಿಕ್ಕಪ್ಪನ ಕೈಗೆ ಒಪ್ಪಿಸಿ ಭಾರತಕ್ಕೆ ಕಳಿಸಿದರು. ಕೈತುತ್ತಿನ ಕಥೆ ನಮ್ಮ ಟಿವಿಯಲ್ಲಿ ಬಂದದ್ದು. ಅಲ್ಲಿನ ಆಫೀಸಿನವರು ಅದೊಂದೇ ಕಾರಣ ಅಂತ ಒಪ್ಪಲಿಲ್ಲ, ಪೂರ್ತಿ ಫೈಲು ನಾವ್ಯಾರೂ ಓದಿಲ್ಲ. ಆದರೆ ನಾರ್ವೆಯ ತಪ್ಪೇ ಇಲ್ಲ ಅಂತಲೂ ಹೇಳುವುದಿಲ್ಲ. 2019ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ಕೋರ್ಟು ಬೇರೊಂದು ಕೇಸಿನಲ್ಲಿ, ತಾಯಿ ಮಗುವಿನ ಸಂಬಂಧ ಕಡಿದುಹಾಕಿದ್ದು ತಪ್ಪು ಅಂತ ನಾರ್ವೆಗೇ ಹೇಳಿತು. ಆಮೇಲೆ ಅಲ್ಲಿನ ಸುಪ್ರೀಂ ಕೋರ್ಟು ತನ್ನ ರೀತಿ ತಿದ್ದಿಕೊಂಡಿತು. 2023ರಲ್ಲಿ ಹೊಸ ಕಾನೂನು ಬಂತು. ಕಾನೂನು ಬಿಗಿ ಮಾಡುವುದು ಅಂದರೆ ಬರೀ ಅಪ್ಪ ಅಮ್ಮನ ಮೇಲೆ ಬಿಗಿ ಮಾಡುವುದಲ್ಲ, ಆಫೀಸಿನವರ ಮೇಲೂ ಜಡ್ಜ್ ಇರಬೇಕು. ಅದು ನಾರ್ವೆಗೆ ತಡವಾಗಿ ಗೊತ್ತಾಯಿತು.

ಹಳೇ ಡಬ್ಲಿನ್

ಅಂದರೆ ತಪ್ಪಾಗಿತ್ತು ಅಂತ ನೀವೇ ಒಪ್ಪಿದಿರಿ. ಧನ್ಯವಾದ.

ಕಾರ್ಯದರ್ಶಿ

ಚರ್ಚೆ ಮರ್ಯಾದೆಯಿಂದ ಇರಲಿ. ಹಾಗೇ, ಯುಗಾದಿ ಊಟಕ್ಕೆ ಹೆಸರು ಕೊಡದವರು ಶುಕ್ರವಾರದೊಳಗೆ ಕೊಡಿ. ಹೋಳಿಗೆ ಎಣಿಸಿ ಮಾಡಿಸುತ್ತಿದ್ದೇವೆ.

ಬೆಳಗಾವಿ

ಈ ದೇಶದವರಿಗೂ ಸುಲಭವಾಗಿ ಬುದ್ಧಿ ಬರಲಿಲ್ಲ. ನಾನು ಬಂದದ್ದು 2012ರಲ್ಲಿ. ಆ ಅಕ್ಟೋಬರ್ 28ಕ್ಕೆ ನಮ್ಮ ಸವಿತಾ ಹಾಲಪ್ಪನವರ್, ಗರ್ಭಪಾತ ಮಾಡಲು ಒಪ್ಪದ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ನವೆಂಬರ್ 10ಕ್ಕೆ ಮಕ್ಕಳ ಹಕ್ಕನ್ನು ಸಂವಿಧಾನಕ್ಕೆ ಸೇರಿಸುವ ರೆಫರೆಂಡಮ್. ಮತ ಹಾಕಿದ್ದು ಮೂರರಲ್ಲಿ ಒಬ್ಬರು, ಅದರಲ್ಲೂ ನೂರಕ್ಕೆ 58 ಜನ ಹೌದು ಅಂದರು. ಕೋರ್ಟಿನ ತಕರಾರು ಮುಗಿದು ಅದು ಸೇರಿದ್ದು 2015ಕ್ಕೆ. ಮಗುವನ್ನು ಬೇರೆ ಕಡೆ ಇಡುವ ಕೇಸು ನಡೆದರೆ ಮಗು ಏನು ಅನ್ನುತ್ತದೆ ಅಂತ ಕೇಳಬೇಕು ಅನ್ನುವ ಮಾತು ಆಗ ಬಂತು. ಸವಿತಾ ಸಾವಿಗೆ ಕಾರಣವಾದ ಗರ್ಭಪಾತದ ಕಾನೂನು ಬದಲಾಗಲು 2018ರವರೆಗೆ ಕಾಯಬೇಕಾಯಿತು. ನಾನು ಆಗ ಮೆರವಣಿಗೆಗೆ ಹೋಗಬೇಕಿತ್ತು, ಶಿಫ್ಟ್ ಇದೆ ಅಂತ ಹೋಗಲಿಲ್ಲ. ಈ ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಬರೆದೆ.

ನರ್ಸಮ್ಮ

ಸಂಬಂಧ ಇದೆ. ಇಲ್ಲಿ ಟೀಚರ್‌ಗಳು ಯಾಕೆ ಇಷ್ಟು ಬೇಗ ಫೋನ್ ಎತ್ತುತ್ತಾರೆ ಗೊತ್ತಾ? ಚರ್ಚಿನವರು ನಡೆಸುತ್ತಿದ್ದ ಇಂಡಸ್ಟ್ರಿಯಲ್ ಸ್ಕೂಲುಗಳಲ್ಲಿ ದಶಕಗಟ್ಟಲೆ ಮಕ್ಕಳಿಗೆ ಹೊಡೆದು, ಹಸಿವಿನಲ್ಲಿಟ್ಟು, ಇನ್ನೂ ಕೆಟ್ಟದ್ದು ಮಾಡಿದ್ದರು. 1999ರಲ್ಲಿ ಪ್ರಧಾನಿ ಕ್ಷಮೆ ಕೇಳಿದರು. 2009ರಲ್ಲಿ ಅದರ ತನಿಖೆಯ ರಯಾನ್ ವರದಿ ಬಂತು. ನನ್ನ ವಾರ್ಡಿನಲ್ಲಿ ಅರವತ್ತು ದಾಟಿದ ಕ್ಲೀನರ್ ಒಬ್ಬರು ಇದ್ದರು. ಬೆಲ್ಟ್ ಬಕಲ್ ಸದ್ದಾದರೆ ಕೈಯಲ್ಲಿದ್ದದ್ದನ್ನು ಬೀಳಿಸುತ್ತಿದ್ದರು. ಆ ಕಾಲದಲ್ಲೂ ಊರಿನವರಿಗೆಲ್ಲ ಗೊತ್ತಿತ್ತು. ಯಾರೂ ಹೇಳಲಿಲ್ಲ, ಅಷ್ಟೇ.

ಹಳೇ ಡಬ್ಲಿನ್

ಅವರ ಪಾದ್ರಿಗಳ ಪಾಪಕ್ಕೆ ನಮ್ಮ ತಾಯಂದಿರು ದಂಡ ಕಟ್ಟಬೇಕಾ? ನಮ್ಮ ತಂದೆ ನನಗೆ ಹುಣಸೆ ಬರಲಿನಲ್ಲಿ ಬಾರಿಸಿದ್ದಾರೆ. ನಾನು ಮಗಳಿಗೆ ಎರಡು ಬಿಟ್ಟಿದ್ದೇನೆ. ಇವತ್ತು ಅವಳು ಮ್ಯಾಂಚೆಸ್ಟರ್‌ನಲ್ಲಿ ಡಾಕ್ಟರ್.

ಹುಬ್ಬಳ್ಳಿ ಹುಡುಗ

ಫೋನ್ ಮಾಡತಾರೇನ್ರೀ ಸರ ಅವರು?

ಹಳೇ ಡಬ್ಲಿನ್

ಅದು ಬೇರೆ ವಿಷಯ. ಅವಳಿಗೆ ಕೆಲಸ ಜಾಸ್ತಿ.

ಮೈಸೂರಿಗೆ ವಾಪಸ್

ಡಬ್ಲಿನ್ ಬಿಟ್ಟು ಐದು ವರ್ಷ ಆಯಿತು, ಗುಂಪು ಬಿಟ್ಟಿಲ್ಲ. ಮನೆಯ ಮಾತು ಹೊಸಿಲು ದಾಟಬಾರದು ಅಂದವರಿಗೆ ಇದನ್ನು ಬರೆಯುತ್ತಿದ್ದೇನೆ.

ನನ್ನ ನಾದಿನಿಯ ಮಗಳಿಗೆ ಹನ್ನೊಂದು ವರ್ಷ ಇದ್ದಾಗ ಮನೆಗೆ ಬರುತ್ತಿದ್ದ ನೆಂಟನೊಬ್ಬ ಅವಳ ಮೇಲೆ ಕೈ ಹಾಕಿದ. ಎಂಟು ತಿಂಗಳು ಅವಳು ಬಾಯಿ ಬಿಡಲಿಲ್ಲ. ಮನೆಯಲ್ಲಿ ಅವಳಿಗೆ ಕಲಿಸಿದ್ದೂ ಅದನ್ನೇ, ದೊಡ್ಡವರ ಮಾತು ಹೊರಗೆ ಆಡಬಾರದು ಅಂತ.

ನಮ್ಮಲ್ಲಿ ಕಾನೂನು ಇಲ್ಲ ಅನ್ನಬೇಡಿ. 2012ರಲ್ಲಿ ಪೋಕ್ಸೋ ಬಂತು, ಓದಿದರೆ ಕಣ್ಣಿಗೊತ್ತಿಕೊಳ್ಳಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು. ಪೊಲೀಸರು ಯೂನಿಫಾರ್ಮ್ ಹಾಕಿರಬಾರದು, ಆದಷ್ಟೂ ಹೆಂಗಸರೇ ಇರಬೇಕು. ಕೋರ್ಟಿನಲ್ಲಿ ಆರೋಪಿಯ ಮುಖ ಕಾಣಿಸಬಾರದು. ಎದುರು ಪಕ್ಷದ ಲಾಯರ್ ನೇರ ಪ್ರಶ್ನೆ ಕೇಳುವಂತಿಲ್ಲ, ಜಡ್ಜ್ ಮೂಲಕ ಕೇಳಬೇಕು. ಪದೇ ಪದೇ ಕರೆಸಬಾರದು. ಆದಷ್ಟೂ ಒಂದು ವರ್ಷದಲ್ಲಿ ಮುಗಿಸಬೇಕು.

ನಮಗೆ ಆದದ್ದು ಹೇಳುತ್ತೇನೆ. ಅಮ್ಮನಿಗೆ ಒಂದು ಸಲ ಹೇಳಿದಳು. ಠಾಣೆಯಲ್ಲಿ ಎರಡು ಸಲ, ಆಸ್ಪತ್ರೆಯಲ್ಲಿ ಒಂದು ಸಲ, ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಂದು ಸಲ, ಮ್ಯಾಜಿಸ್ಟ್ರೇಟ್ ಮುಂದೆ ಒಂದು ಸಲ. ಸಾಕ್ಷಿ ಹೇಳಲು ಕರೆ ಬರುವಷ್ಟರಲ್ಲಿ ಅವಳಿಗೆ ಹದಿನಾಲ್ಕು. ನಡುವೆ ಹಸಿರು ಬಟ್ಟೆಯ ಪರದೆ ಕಟ್ಟಿದ್ದರು, ಮುಖ ಕಾಣುತ್ತಿರಲಿಲ್ಲ. ಆದರೆ ಅವನು ಪರದೆಯ ಹಿಂದೆ ಕೆಮ್ಮಿದ. ಆ ಕೆಮ್ಮು ಅವಳಿಗೆ ಗೊತ್ತು. ಬಾಯಿ ಕಟ್ಟಿಹೋಯಿತು. ಜಡ್ಜ್ ಒಳ್ಳೆಯವರು, ನೀರು ಕುಡಿಸಿದರು, ಚಾಕಲೇಟ್ ಕೊಟ್ಟರು. ಇನ್ನೊಂದು ದಿನಾಂಕ ಕೊಟ್ಟರು.

ಐಸ್‌ಲ್ಯಾಂಡಿನವರು 1998ರಲ್ಲಿ ಬರ್ನಾಹುಸ್ ಅಂತ ಮಾಡಿದರು, ಮಕ್ಕಳ ಮನೆ ಅಂತ ಅರ್ಥ. ಸೋಫಾ ಇರುವ ಸಾದಾ ಕೋಣೆ, ತರಬೇತಿ ಪಡೆದ ಒಬ್ಬರೇ ಮಾತಾಡುತ್ತಾರೆ, ವಿಡಿಯೋ ಆಗುತ್ತದೆ. ಪೊಲೀಸ್, ಲಾಯರ್ ಎಲ್ಲ ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಾರೆ. ಡಾಕ್ಟರೂ ಅಲ್ಲೇ. ಮಗು ಆದಷ್ಟೂ ಒಂದೇ ಸಲ ಹೇಳಿದರೆ ಆಯಿತು. ಗಾಲ್ವೇಯಲ್ಲಿ 2019ರಲ್ಲಿ ಅಂಥದ್ದು ಶುರುವಾಯಿತು. ನಮ್ಮ ಜಿಲ್ಲೆಗೊಂದು ಅಂಥ ಮನೆ ಇದ್ದಿದ್ದರೆ ಅವಳು ಅದೇ ಮಾತನ್ನು ಅಷ್ಟು ಸಲ ಹೇಳಬೇಕಿರಲಿಲ್ಲ. ಕಾಗದದ ಮೇಲೆ ನಮ್ಮ ಕಾನೂನೂ ಅದನ್ನೇ ಕೇಳುತ್ತದೆ. ಕೋಣೆ ಇಲ್ಲ, ಜನ ಇಲ್ಲ, ಕೇಸುಗಳ ರಾಶಿ.

ಲೂಕನ್ ಅಮ್ಮ, ನಿಮ್ಮ ಮಗ ಟೀಚರ್ ಕೇಳಿದ ತಕ್ಷಣ ಹೇಳಿದ್ದಾನೆ. ನಮ್ಮ ಹುಡುಗಿಗೆ ಎಂಟು ತಿಂಗಳು ಬೇಕಾಯಿತು. ಅವನಿಗೆ ಬಾಗಿಲಿನ ಕಥೆ ಕಲಿಸಬೇಡಿ.

ಹಳೇ ಡಬ್ಲಿನ್

ಅದು ಅಪರಾಧ, ಇದು ಶಿಸ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೈಸೂರಿಗೆ ವಾಪಸ್

ತೂಗುತ್ತಿಲ್ಲ ಸಾರ್. ಮಗುವಿಗೆ ಇರುವುದು ಒಂದೇ ಬಾಯಿ ಅಂತ ಹೇಳಿದೆ.

ಹಳೇ ಡಬ್ಲಿನ್

ನನ್ನ ಸಲಹೆ ಬದಲಾಗುವುದಿಲ್ಲ. ಐದು ವರ್ಷ ಮುಗಿಸಿ, ಪಾಸ್‌ಪೋರ್ಟ್ ತಗೊಳ್ಳಿ, ಮಕ್ಕಳು ಹತ್ತು ದಾಟುವ ಮೊದಲು ಊರಿಗೆ ಹೋಗಿ.

ಕಾರ್ಕ್ ಸೊಸೆ

ಪಾಸ್‌ಪೋರ್ಟ್‌ಗೆ ಈಗ ಎಷ್ಟು ತಿಂಗಳು ಹಿಡಿಯುತ್ತಿದೆ? ನಮ್ಮದು ಹೋಗಿ ವರ್ಷ ಆಯಿತು.

(ಇಲ್ಲಿಂದ ಮೂವತ್ತೆರಡು ಉತ್ತರ ಪಾಸ್‌ಪೋರ್ಟ್ ಬಗ್ಗೆ ಇದ್ದವು, ಅವನ್ನು ಬೇರೆ ಎಳೆಗೆ ಹಾಕಿದ್ದೇನೆ. – ಕಾರ್ಯದರ್ಶಿ)

ಲೂಕನ್ ಅಮ್ಮ

ಬುಧವಾರ ಬಂದು ಹೋದರು. ಒಬ್ಬರೇ, ಐವತ್ತರ ಹತ್ತಿರದ ಹೆಂಗಸು. ಶೂ ಬಿಚ್ಚಿಡಲಾ ಅಂತ ಕೇಳಿದರು. ನರ್ಸಕ್ಕ ಹೇಳಿದ ಹಾಗೆ ಹೊಡೆದೆ ಅಂತಲೇ ಹೇಳಿದೆ. ಯಾವಾಗ ಜಾಸ್ತಿ ಸಿಟ್ಟು ಬರುತ್ತದೆ, ಮನೆಯಲ್ಲಿ ಸಹಾಯಕ್ಕೆ ಯಾರಿದ್ದಾರೆ ಅಂತ ಕೇಳಿದರು. ಯಾರೂ ಇಲ್ಲ ಅಂತ ಹೇಳುವಾಗ ಅಳು ಬಂತು. ಅವರು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತರು. ಯಜಮಾನರೂ ಅವತ್ತು ಮೊದಲ ಸಲ ಬಾಯಿ ಬಿಟ್ಟರು, ತಾನು ಮನೆಗೆ ಬರುವುದೇ ಎಂಟು ಗಂಟೆಗೆ ಅಂತ.

ಆಮೇಲೆ ಮಗನ ರೂಮಿಗೆ ಹೋದರು, ಬಾಗಿಲು ಅರ್ಧ ಮುಂದೆ ಮಾಡಿಕೊಂಡರು. ಹದಿನೈದು ನಿಮಿಷ ಇರಬಹುದು. ಲೆಗೋ ಸದ್ದು ಕೇಳುತ್ತಿತ್ತು, ಒಂದು ಸಲ ಅವನು ನಕ್ಕ. ಹೊರಡುವಾಗ, ಮುಂದಿನದನ್ನು ಪತ್ರದಲ್ಲಿ ತಿಳಿಸುತ್ತೇವೆ, ಮಕ್ಕಳನ್ನು ಸಂಭಾಳಿಸುವ ಬಗ್ಗೆ ಅಮ್ಮಂದಿರಿಗೆ ಒಂದು ಕೋರ್ಸ್ ಇದೆ, ಬರುತ್ತೀರಾ ಅಂತ ಕೇಳಿದರು. ಬರುತ್ತೇನೆ ಅಂದೆ. ಪತ್ರ ಇನ್ನೂ ಬಂದಿಲ್ಲ.

ಒಳಗೆ ಏನು ಹೇಳಿದ ಅಂತ ಅವನು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸಾರು ಬಡಿಸಲು ಸೌಟು ಎತ್ತಿದೆ, ಅವನು ತೋಳು ಹಿಂದಕ್ಕೆ ಎಳೆದುಕೊಂಡ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಲೋಟದಲ್ಲಿ ಬಡಿಸಿದೆ.

ಕಾರ್ಯದರ್ಶಿಯವರೇ, ಯುಗಾದಿ ಊಟಕ್ಕೆ ನಮ್ಮದು ಮೂರು ಹೆಸರು ಬರೆದುಕೊಳ್ಳಿ.