ದಿನಾ ವಿಟಮಿನ್ ಗುಳಿಗಿ ನುಂಗಿದ್ರ ಕ್ಯಾನ್ಸರ್, ಹಾರ್ಟ್ ಅಟ್ಯಾಕ್ ಬರಂಗಿಲ್ಲೇನ್ರಿ?

ಪ್ರಶ್ನೆ (ಸಿಂಧನೂರು): ನಮ್ಮಪ್ಪಗ 58, ಬೀಡಿ ಬಿಟ್ಟಿಲ್ಲ, ಶುಗರ್‌ಗೆ ಮೆಟ್‌ಫಾರ್ಮಿನ್ ತೊಗೊಂತಾರ, ಈಗ ಯಾರೋ ಹೇಳಿದ್ರಂತ ವಿಟಮಿನ್ ಡಬ್ಬಿ ತಂದು ರೊಟ್ಟಿ ಉಂಡಮ್ಯಾಲ ಎರಡೆರಡು ನುಂಗಾಕತ್ತಾರ, ದೊಡ್ಡ ರೋಗ ಬರಂಗಿಲ್ಲಂತ, ಖರೇನಾ?

ಉತ್ತರ 1: ಬೀಡಿ ಸೇದೋರು ಬೀಟಾ ಕ್ಯಾರೊಟಿನ್ (ಗಜ್ಜರಿ, ಸೊಪ್ಪಿನಾಗ ಇರೋದು, ಮೈಯಾಗ ವಿಟಮಿನ್ ಎ ಆಗ್ತದ) ಗುಳಿಗಿ ಮುಟ್ಟಬಾರದ್ರಿ. ಫಿನ್ಲೆಂಡಿನಾಗ 29,133 ಮಂದಿ ಸಿಗರೇಟ್ ಸೇದೋ ಗಂಡಸರ ಮ್ಯಾಲ ಟ್ರಯಲ್ ಮಾಡಿದ್ರು, 1994ರಾಗ ರಿಸಲ್ಟ್ ಬಂತು, ಅದನ್ನ ತೊಗೊಂಡೋರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋದು ಬಿಡ್ರಿ, 18 ಪರ್ಸೆಂಟ್ ಜಾಸ್ತಿನೇ ಆತು. ಗಜ್ಜರಿ, ನುಗ್ಗಿಸೊಪ್ಪು ಎಷ್ಟರ ತಿನ್ಲಿ, ತಕರಾರು ಗುಳಿಗಿದು. ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಬರದಿರ್ತಾರ, ಓದ್ರಿ.

ಉತ್ತರ 2: ವಿಟಮಿನ್ ಡಿ ನೂ ಅಷ್ಟ. ಅಮೆರಿಕಾದಾಗ 25 ಸಾವಿರಕ್ಕೂ ಹೆಚ್ಚು ಮಂದಿ ಇದ್ದ ಟ್ರಯಲ್‌ನಾಗ ದಿನಾ 2000 ಐಯು (ವಿಟಮಿನ್ ಅಳಿಯೋ ಅಳತಿ) ತೊಗೊಂಡೋರಿಗೂ ಕ್ಯಾನ್ಸರ್ ಆಗ್ಲಿ ಹಾರ್ಟ್ ಅಟ್ಯಾಕ್ ಆಗ್ಲಿ ಕಮ್ಮಿ ಬರಲಿಲ್ಲ (2018). ಕೊರತಿ ಇದ್ದೋರ ಮಾತು ಬ್ಯಾರೆ ಬಿಡ್ರಿ.

ಉತ್ತರ 3 (ಗಂಗಾವತಿ): ಮೆಟ್‌ಫಾರ್ಮಿನ್ ಭಾಳ ವರ್ಷ ತೊಗೊಂಡ್ರ ಮೈಯಾಗ ವಿಟಮಿನ್ ಬಿ12 ಇಳಿಯೋ ಚಾನ್ಸ್ ಅದ, ಪಾದ ಜುಮ್ ಅಂತಾವೇನು ಕೇಳ್ರಿ, ಡಾಕ್ಟರಿಗೆ ಹೇಳಿ ಬ್ಲಡ್ ಟೆಸ್ಟ್ ಮಾಡಸ್ರಿ.

ಪ್ರಶ್ನೆ ಕೇಳಿದವ: ಡಬ್ಬಿ ನೋಡಿದೆ, ಬೀಟಾ ಕ್ಯಾರೊಟಿನ್ ಅದ ರೀ! ಎತ್ತಿಟ್ಟೀನಿ. ಬೀಡಿ ಬಿಡಸೂದು ಹೆಂಗ ಅದನ್ನೂ ಹೇಳ್ರಪಾ.